ಗುಳ್ಳೆಯ ಲೆಕ್ಕ

ಕನ್ನಡಕದ ಅಂಗಡಿಗಳಲ್ಲಿ, ಒಡವೆ ಅಂಗಡಿಗಳಲ್ಲಿ ಮೂಲೆಯಲ್ಲೊಂದು ಸಣ್ಣ ಸ್ಟೀಲ್ ತೊಟ್ಟಿ ಇರುತ್ತದೆ. ಅದರಲ್ಲಿ ನೀರು, ಒಂದೆರಡು ಹನಿ ಸೋಪು. ಕೊಳೆ ಕೂತ ಮೂಗುತಿಯನ್ನೋ ಕನ್ನಡಕವನ್ನೋ ಒಳಗಿಟ್ಟು ಗುಂಡಿ ಒತ್ತಿದರೆ ಜೀರುಂಡೆಯಂಥ ಸದ್ದು ಶುರುವಾಗುತ್ತದೆ. ಎರಡು ನಿಮಿಷದಲ್ಲಿ ಕೊಳೆ ಹೋಗಿರುತ್ತದೆ. ತೊಟ್ಟಿಯ ತಳ ಸೆಕೆಂಡಿಗೆ ಸುಮಾರು 40,000 ಸಲ ನಡುಗುತ್ತಿರುತ್ತದೆ. ಆ ನಡುಕ ನಮ್ಮ ಕಿವಿಗೆ ಕೇಳುವುದಿಲ್ಲ. ಕೇಳುವುದು ನೀರಿನೊಳಗೆ ಹುಟ್ಟಿ ಕುಸಿಯುವ ಗುಳ್ಳೆಗಳ ಗದ್ದಲ.

ಈ ತೊಟ್ಟಿಯಲ್ಲಿ ಎರಡು ಬಗೆಯ ಕೆಲಸ ನಡೆಯುತ್ತದೆ. ಒಂದನ್ನು ನೋಡಲು ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಸಾಕು. ತುಂಡೊಂದನ್ನು ನೀರಿನಲ್ಲಿ ತೂಗುಬಿಟ್ಟರೆ ಕೆಲವೇ ನಿಮಿಷದಲ್ಲಿ ಅದರ ಮೇಲೆಲ್ಲ ಚುಕ್ಕೆ ಚುಕ್ಕೆ ಗುಳಿ ಬಿದ್ದು, ಅಲ್ಲಲ್ಲಿ ತೂತೂ ಆಗುತ್ತದೆ. ಇದು ಗುಳ್ಳೆಯ ಪೆಟ್ಟು. ಎರಡನೆಯದು ಕಣ್ಣಿಗೆ ಬೀಳದ ಕೆಲಸ: ನೀರಿನ ಅಣುವೇ ಒಡೆಯುತ್ತದೆ. ಪೊಟಾಸಿಯಂ ಅಯೋಡೈಡ್ ಎಂಬ ಬಿಳಿ ಉಪ್ಪನ್ನು ನೀರಿನಲ್ಲಿ ಕರಗಿಸಿ ಇಂಥ ಧ್ವನಿಗೆ ಒಡ್ಡಿದರೆ, ಬಣ್ಣವೇ ಇಲ್ಲದಿದ್ದ ದ್ರಾವಣ ಮೆಲ್ಲಗೆ ಹಳದಿಯಾಗುತ್ತದೆ. ಅದಕ್ಕೆ ಒಂದು ಹನಿ ಅನ್ನದ ಗಂಜಿ ಹಾಕಿದರೆ ನೀಲಿ. ಶಾಲೆಯಲ್ಲಿ ಪಿಷ್ಟದ ಪರೀಕ್ಷೆ ಮಾಡಿದವರಿಗೆಲ್ಲ ಗೊತ್ತಿರುವ ನೀಲಿ. ಅಯೋಡೈಡಿನಿಂದ ಅಯೋಡಿನ್ ಹೊರಬಂದಿದೆ ಎಂಬುದಕ್ಕೆ ಅದು ಸಾಕ್ಷಿ.

ಆ ಹಳದಿಯನ್ನು ಅಳೆಯಲು ಕಲಿತದ್ದರ ಚರಿತ್ರೆ ಈ ಪ್ರಬಂಧದ ವಸ್ತು. ಇದು ಜಗತ್ತಿನ ಹಲವು ಊರುಗಳನ್ನು ಸುತ್ತಿಬರುವ ಕಥೆಯಾದರೂ ಚೆನ್ನೈಯಿಂದ ನೋಡಿದರೆ ಹೆಚ್ಚು ಸ್ಪಷ್ಟವಾಗುತ್ತದೆ. ಈ ಗುಳ್ಳೆಗಳಿಂದ ಏನಾಗಬೇಕು ಎಂಬ ಪ್ರಶ್ನೆ ಇಲ್ಲಿ ನದಿಯೊಂದರ ಪ್ರಶ್ನೆಯೂ ಆಗಿದೆ. ಗುಳ್ಳೆಯ ಬಗ್ಗೆ ಈ ಕಾಲದ ಅತಿ ದೊಡ್ಡ ವಾದ ಹೂಡಿದ ವಿಜ್ಞಾನಿ ಓದಿದ್ದೂ ಇದೇ ಊರಿನಲ್ಲಿ.

*

ಗುಳ್ಳೆ ಮೊದಲು ತಲೆನೋವಾಗಿದ್ದು ಹಡಗಿನವರಿಗೆ. 1890ರ ದಶಕದಲ್ಲಿ ಬ್ರಿಟಿಷ್ ನೌಕಾಪಡೆಯ 'ಡೇರಿಂಗ್' ಎಂಬ ವೇಗದ ಹಡಗು ಲೆಕ್ಕ ಹಾಕಿದ ವೇಗ ಮುಟ್ಟಲಿಲ್ಲ. ಪ್ರೊಪೆಲರ್ ಜೋರಾಗಿ ತಿರುಗಿದಂತೆ ಅದರ ಅಲಗಿನ ಹಿಂದೆ ಒತ್ತಡ ಕುಸಿದು, ನೀರು ಹರಿದು ಪೊಳ್ಳು ಜಾಗ ಹುಟ್ಟುತ್ತಿತ್ತು. 1895ರಲ್ಲಿ ಥಾರ್ನಿಕ್ರಾಫ್ಟ್ ಮತ್ತು ಬಾರ್ನಬಿ ಇದನ್ನು ವಿವರಿಸಿ ಬರೆದಾಗ, ಆರ್. ಇ. ಫ್ರೂಡ್ ಸೂಚಿಸಿದ 'ಕ್ಯಾವಿಟೇಶನ್' ಎಂಬ ಪದ ಬಳಸಿದರು. ಪದದ ಮೂಲಾರ್ಥ ಕುಳಿ. ದಂತವೈದ್ಯರು ಹಲ್ಲಿನಲ್ಲಿ ತೋರಿಸುವ ಕುಳಿಯೂ ಇದೇ ಮೂಲದ್ದು. ಕನ್ನಡಕ್ಕೆ ತರುವಾಗ 'ಕುಳಿ'ಗಿಂತ 'ಗುಳ್ಳೆ'ಯೇ ನಾಲಿಗೆಗೆ ಬರುತ್ತದೆ. ಆದರೆ ದಾಸರ ಪದಗಳ ಕಾಲದಿಂದಲೂ ನಮಗೆ ಗುಳ್ಳೆ ಎಂದರೆ ನಿಲ್ಲದ್ದು, ನೆಚ್ಚಲಾಗದ್ದು. ಉಕ್ಕಿನ ಅಲಗನ್ನು ಕೊರೆಯುವ ವಸ್ತುವಿಗೆ ಆ ಹೆಸರು ಸ್ವಲ್ಪ ಮೃದುವಾಯಿತು.

1917ರಲ್ಲಿ ಲಾರ್ಡ್ ರೇಲಿ ಈ ಕೊರೆತದ ಗಣಿತ ಬರೆದ. ಪೊಳ್ಳನ್ನು ಸುತ್ತಲಿನ ನೀರು ಎಲ್ಲ ಕಡೆಯಿಂದ ಒಂದೇ ಬಿಂದುವಿನತ್ತ ನುಗ್ಗಿ ತುಂಬುವಾಗ ಕೊನೆಯ ಕ್ಷಣದಲ್ಲಿ ಒತ್ತಡ ವಿಪರೀತ ಏರುತ್ತದೆ. ಅದೇ ಯುದ್ಧಕಾಲದಲ್ಲಿ ಪ್ಯಾರಿಸ್ಸಿನ ಪಾಲ್ ಲಾಂಜೆವ್ಯಾನ್ ಜಲಾಂತರ್ಗಾಮಿಗಳನ್ನು ಪತ್ತೆಹಚ್ಚಲು ಉಕ್ಕಿನ ಫಲಕಗಳ ನಡುವೆ ಕ್ವಾರ್ಟ್ಜ್ ಹರಳುಗಳನ್ನು ಕೂರಿಸಿ ನೀರಿನೊಳಗೆ ಬಲವಾದ ಶ್ರವಣಾತೀತ ಧ್ವನಿ ಹೊರಡಿಸಿದ. ಅದರ ದಾರಿಗೆ ಬಂದ ಮೀನು ಸಾಯುತ್ತಿದ್ದವು. ಕೈ ಇಟ್ಟರೆ ಮೂಳೆಗೆ ನೋವಾಗುತ್ತಿತ್ತು.

ಧ್ವನಿಗೂ ರಸಾಯನಕ್ಕೂ ಗಂಟು ಬಿದ್ದದ್ದು 1927ರಲ್ಲಿ. ಅಮೆರಿಕದ ರಿಚರ್ಡ್ಸ್ ಮತ್ತು ಲೂಮಿಸ್ ಈ ಧ್ವನಿಯ ರಾಸಾಯನಿಕ ಪರಿಣಾಮಗಳ ಮೊದಲ ಸಮೀಕ್ಷೆ ಪ್ರಕಟಿಸಿದರು. ಇವರಲ್ಲಿ ಆಲ್ಫ್ರೆಡ್ ಲೂಮಿಸ್ ವಾಲ್‌ಸ್ಟ್ರೀಟಿನ ಶ್ರೀಮಂತ, ತನ್ನ ಬಂಗಲೆಯನ್ನೇ ಪ್ರಯೋಗಾಲಯ ಮಾಡಿಕೊಂಡಿದ್ದವನು. ಎರಡೇ ವರ್ಷದಲ್ಲಿ ಅಯೋಡೈಡಿನ ಹಳದಿಯೂ ವಿಜ್ಞಾನದ ದಾಖಲೆಗೆ ಸೇರಿತು. 1934ರಲ್ಲಿ ಜರ್ಮನಿಯ ಫ್ರೆಂಜೆಲ್ ಮತ್ತು ಶುಲ್ಟೆಸ್, ಧ್ವನಿಗೆ ಒಡ್ಡಿದ ನೀರು ಮಂಕಾಗಿ ಬೆಳಗುವುದನ್ನೂ ಫೋಟೋ ಪ್ಲೇಟಿನಲ್ಲಿ ಕಂಡರು.

ಆ ಹೊತ್ತಿಗೆ ಬೆಂಗಳೂರಿನಲ್ಲೂ ಶ್ರವಣಾತೀತ ಧ್ವನಿಯ ಕೆಲಸ ಶುರುವಾಗಿತ್ತು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದ್ದ ಸಿ. ವಿ. ರಾಮನ್ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ದ್ರವದೊಳಗಿನ ಧ್ವನಿಯ ಅಲೆ ಬೆಳಕಿಗೆ ಜಾಲರಿಯಂತೆ ಒದಗಿ ಅದನ್ನು ಹಲವು ಕವಲಾಗಿ ಒಡೆಯುವ ಬಗೆಯನ್ನು ಅವರು ಮತ್ತು ನಾಗೇಂದ್ರನಾಥ್ 1935–36ರಲ್ಲಿ ವಿವರಿಸಿದರು. ರಾಮನ್–ನಾಥ್ ಸಿದ್ಧಾಂತ ಎಂಬ ಹೆಸರಿನಲ್ಲಿ ಅದು ಇವತ್ತಿಗೂ ಬಳಕೆಯಲ್ಲಿದೆ. ಕಾಣದ ಧ್ವನಿಯನ್ನು ಬೆಳಕಿನಿಂದ ಅಳೆಯುವ ದಾರಿ ಅದರಿಂದ ತೆರೆಯಿತು. ಆದರೆ ಅದು ದ್ರವದಲ್ಲಿ ಓಡುವ ಅಲೆಯ ಅಳತೆ. ಗುಳ್ಳೆ ಮಾಡಿದ ರಸಾಯನವನ್ನು ಅಳೆಯಲು ಬೇರೆಯದೇ ತಕ್ಕಡಿ ಬೇಕಿತ್ತು.

*

ನೀರು ಯಾಕೆ ಒಡೆಯುತ್ತದೆ? ಧ್ವನಿಯ ಅಲೆಯ ಹಿಗ್ಗುವ ಅರ್ಧದಲ್ಲಿ ಗುಳ್ಳೆ ಉಬ್ಬುತ್ತದೆ, ಕುಗ್ಗುವ ಅರ್ಧದಲ್ಲಿ ಕುಸಿಯುತ್ತದೆ. ಸೈಕಲ್ ಪಂಪನ್ನು ಬೇಗಬೇಗ ಒತ್ತಿದರೆ ಅದರ ತುದಿ ಬಿಸಿಯಾಗುವುದನ್ನು ನೀವು ಮುಟ್ಟಿ ನೋಡಿರಬಹುದು. ಗುಳ್ಳೆ ಎಷ್ಟು ಬೇಗ ಕುಸಿಯುತ್ತದೆಂದರೆ ಒಳಗಿನ ಶಾಖಕ್ಕೆ ಹೊರಗೆ ಹೋಗಲು ಸಮಯವೇ ಸಿಗುವುದಿಲ್ಲ. 1986ರಲ್ಲಿ ಕೆನೆತ್ ಸಸ್ಲಿಕ್ ಮತ್ತು ಸಂಗಡಿಗರು ರಾಸಾಯನಿಕ ಕ್ರಿಯೆಗಳ ವೇಗವನ್ನೇ ಉಷ್ಣಮಾಪಕವಾಗಿಸಿ, ಕುಸಿಯುವ ಗುಳ್ಳೆಯೊಳಗೆ ಸುಮಾರು 5,000 ಕೆಲ್ವಿನ್ ಇರುತ್ತದೆ ಎಂದು ಅಂದಾಜಿಸಿದರು. ಅದು ಸೂರ್ಯನ ಮೇಲ್ಮೈಗೆ ಹತ್ತಿರದ ಬಿಸಿ. ಸುತ್ತಲಿನ ನೀರು ಮಾತ್ರ ತಣ್ಣಗೆ ಇರುತ್ತದೆ.

ಆ ಬಿಸಿಯಲ್ಲಿ ನೀರಾವಿಯ ಅಣು ಎರಡಾಗುತ್ತದೆ: ಒಂದು ಹೈಡ್ರೋಜನ್ ಪರಮಾಣು, ಒಂದು ಹೈಡ್ರಾಕ್ಸಿಲ್ ರ‍್ಯಾಡಿಕಲ್. ಇವು ನಿಜವಾಗಿ ಹುಟ್ಟುತ್ತವೆ ಎಂದು 1982ರಲ್ಲಿ ಮಕಿನೋ, ಮೊಸ್ಸೋಬಾ ಮತ್ತು ರೀಸ್ ಎಂಬ ಮೂವರು ನೇರ ಪುರಾವೆ ಕೊಟ್ಟರು. ಹೈಡ್ರಾಕ್ಸಿಲ್‌ಗೆ ಒಂಟಿಯಾಗಿರಲು ಆಗದು. ಸಿಕ್ಕಿದ ಅಣುವಿನಿಂದ ಎಲೆಕ್ಟ್ರಾನನ್ನೋ ಹೈಡ್ರೋಜನನ್ನೋ ಕಿತ್ತುಕೊಳ್ಳುತ್ತದೆ. ಅದರ ಆಯಸ್ಸು ಸೆಕೆಂಡಿನ ಅತ್ಯಲ್ಪ ಭಾಗ. ಆದ್ದರಿಂದ ಅದನ್ನು ಹಿಡಿದು ಎಣಿಸಲು ಬಾರದು. ಅದಕ್ಕೆ ಬೇಟೆಯೊಂದನ್ನು ಒಡ್ಡಿ, ಅದು ಕಚ್ಚಿದ ಗುರುತನ್ನು ಎಣಿಸಬೇಕು.

ಹಾಗೆ ಒಡ್ಡಿದ ಮೊದಲ ಬೇಟೆ ಅಯೋಡೈಡ್. ಎರಡು ಹೈಡ್ರಾಕ್ಸಿಲ್ ಸೇರಿ ಒಂದು ಅಯೋಡಿನ್ ಅಣು ಬಿಡಿಸುತ್ತವೆ. ಹಳದಿ ಎಷ್ಟು ಗಾಢ ಎಂದು ವರ್ಣಮಾಪಕದಲ್ಲಿ, ಸುಮಾರು 350 ನ್ಯಾನೋಮೀಟರಿನ ಬೆಳಕಿನಲ್ಲಿ ನೋಡಿದರೆ ಲೆಕ್ಕ ಸಿಗುತ್ತದೆ. 1950ರಲ್ಲಿ ವೈಸ್ಲರ್ ಮತ್ತು ಸಂಗಡಿಗರು ಇದಕ್ಕೆ ಕಾರ್ಬನ್ ಟೆಟ್ರಾಕ್ಲೋರೈಡ್ ಸೇರಿಸಿದಾಗ ಹಳದಿ ಬಹಳ ಬೇಗ ಬಂತು. ಆ ವಿಧಾನಕ್ಕೆ ಅವರ ಹೆಸರೇ ನಿಂತಿತು. ಎರಡನೆಯ ಬೇಟೆಯನ್ನು ವಿಕಿರಣ ವಿಜ್ಞಾನದಿಂದ ಎರವಲು ತಂದರು. ಎಕ್ಸ್-ಕಿರಣದ ಪ್ರಮಾಣ ಅಳೆಯಲು ಹ್ಯೂಗೋ ಫ್ರಿಕೆ 1920ರ ದಶಕದಲ್ಲಿ ರೂಪಿಸಿದ್ದ ಕಬ್ಬಿಣದ ಸಲ್ಫೇಟಿನ ದ್ರಾವಣ ಅದು. ಮೂರನೆಯದು ಟೆರೆಫ್ತಾಲಿಕ್ ಆಮ್ಲ. ಹೈಡ್ರಾಕ್ಸಿಲ್ ತಗುಲಿದ ಅದರ ಅಣು ಅತಿನೇರಳೆ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತದೆ.

ಇಲ್ಲಿಗೆ ತಕ್ಕಡಿ ಸಿಕ್ಕಿತು ಎನ್ನಬಹುದಿತ್ತು. ತೊಂದರೆ ಏನೆಂದರೆ ಮೂರೂ ತಕ್ಕಡಿ ಒಂದೇ ತೂಕ ಹೇಳಲಿಲ್ಲ. ಒಂದೇ ಪಾತ್ರೆ, ಒಂದೇ ಧ್ವನಿ, ಒಂದೇ ಸಮಯವಿದ್ದರೂ ಫ್ರಿಕೆ ದ್ರಾವಣ ಹೆಚ್ಚು ತೋರಿಸುತ್ತದೆ, ಟೆರೆಫ್ತಾಲೇಟ್ ಕಡಿಮೆ ತೋರಿಸುತ್ತದೆ. ಕಾರಣ ಯೋಚಿಸಿದರೆ ಹೊಳೆಯುತ್ತದೆ. ಕಬ್ಬಿಣವನ್ನು ಹೈಡ್ರಾಕ್ಸಿಲ್ ಒಂದೇ ಅಲ್ಲ, ಹೈಡ್ರೋಜನ್ ಪರಮಾಣುವಿನಿಂದ ಮುಂದೆ ಹುಟ್ಟುವ ಕಣಗಳೂ ಹೈಡ್ರೋಜನ್ ಪೆರಾಕ್ಸೈಡೂ ಮುಟ್ಟುತ್ತವೆ. ಗುಳ್ಳೆಯ ಅಂಚಿನಲ್ಲಿ ಹೈಡ್ರಾಕ್ಸಿಲ್‌ಗಳು ದಟ್ಟವಾಗಿದ್ದು, ಬಹಳಷ್ಟು ತಮ್ಮತಮ್ಮಲ್ಲೇ ಜೋಡಿಯಾಗಿ ಪೆರಾಕ್ಸೈಡ್ ಆಗಿಬಿಡುತ್ತವೆ. ಬೇಟೆ ಎಷ್ಟು ದಟ್ಟವಾಗಿದೆ, ಗುಳ್ಳೆಯ ಅಂಚಿಗೆ ಎಷ್ಟು ಹತ್ತಿರವಿದೆ ಎಂಬುದರ ಮೇಲೆ ಉಳಿದ ಪಾಲು ಸಿಗುತ್ತದೆ. ಸಂತೆಯಲ್ಲಿ ಮೂವರನ್ನು ಮೂರು ಬಾಗಿಲಲ್ಲಿ ನಿಲ್ಲಿಸಿ ಜನ ಎಣಿಸಿದ ಹಾಗೆ. ಮೂವರ ಎಣಿಕೆಯೂ ಸರಿಯೇ, ಆದರೆ ಯಾವ ಬಾಗಿಲು ಎಂದು ಹೇಳದೆ ಸಂಖ್ಯೆ ಮಾತ್ರ ಕೊಟ್ಟರೆ ಅದಕ್ಕೆ ಅರ್ಥವಿಲ್ಲ.

ಇನ್ನೊಂದು ತೊಂದರೆ ಛೇದದ್ದು. ಇಷ್ಟು ಹಳದಿ ಬಂತು, ಎಷ್ಟು ಶಕ್ತಿಗೆ? ಯಂತ್ರದ ಮೇಲಿನ ಚೀಟಿಯಲ್ಲಿ 150 ವ್ಯಾಟ್ ಎಂದಿದ್ದರೆ ಅಷ್ಟೂ ನೀರಿಗೆ ಹೋಗುವುದಿಲ್ಲ. ವಿದ್ಯುನ್ಮಂಡಲದಲ್ಲಿ, ಲೋಹದಲ್ಲಿ, ಗಾಳಿಯಲ್ಲಿ ಬಹುಪಾಲು ಸೋರಿಹೋಗಬಹುದು. ನೀರಿಗೆ ಹೋದದ್ದನ್ನು ತಿಳಿಯಲು ಹಳೆಯ, ಸರಳ ಉಪಾಯವೊಂದಿದೆ: ನೀರು ಎಷ್ಟು ಬಿಸಿಯಾಯಿತು ನೋಡುವುದು. ಉದಾಹರಣೆಗೆ 100 ಗ್ರಾಂ ನೀರು ಒಂದು ನಿಮಿಷಕ್ಕೆ 6 ಡಿಗ್ರಿ ಏರಿದರೆ, ಒಳಹೋದದ್ದು ಸುಮಾರು 42 ವ್ಯಾಟ್. 2003ರಲ್ಲಿ ಕೋಡಾ, ಕಿಮುರಾ, ಕೊಂಡೋ ಮತ್ತು ಮಿತೋಮೆ ಎಂಬ ನಾಲ್ವರು ಜಪಾನಿ ಸಂಶೋಧಕರು ಪ್ರಮಾಣಿತ ವಿಧಾನವೊಂದನ್ನು ಮುಂದಿಟ್ಟರು. ಯಾರದೇ ಯಂತ್ರವಿರಲಿ, ನೀರಿಗೆ ಹೋದ ಶಕ್ತಿಯನ್ನು ಶಾಖದಿಂದ ಅಳೆಯಿರಿ, ಹುಟ್ಟಿದ ರಸಾಯನವನ್ನು ಗೊತ್ತುಪಡಿಸಿದ ದ್ರಾವಣದಿಂದ ಅಳೆಯಿರಿ, ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ. 1927ರಿಂದ ಎಣಿಸಿದರೆ ಈ ಸರಳ ಭಾಗಾಕಾರದ ಮೇಲೆ ಒಮ್ಮತ ಮೂಡಲು ಮುಕ್ಕಾಲು ಶತಮಾನ ಹಿಡಿಯಿತು. ಅದಕ್ಕೆ ಮುಂಚಿನ ನೂರಾರು ಫಲಿತಾಂಶಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸುವುದೇ ಕಷ್ಟ.

ನೀರಿನ ಉಷ್ಣತೆಯನ್ನೂ ಹೇಳಬೇಕು. ಸಾಮಾನ್ಯವಾಗಿ ಬಿಸಿ ಮಾಡಿದರೆ ರಾಸಾಯನಿಕ ಕ್ರಿಯೆ ಚುರುಕಾಗುತ್ತದೆ. ಇಲ್ಲಿ ತಿರುವುಮುರುವು. ನೀರು ಬಿಸಿಯಾದಷ್ಟೂ ಗುಳ್ಳೆಯಲ್ಲಿ ಆವಿ ಹೆಚ್ಚು ತುಂಬಿ ಕುಸಿತಕ್ಕೆ ಮೆತ್ತೆಯಾಗುತ್ತದೆ, ಒಳಗಿನ ಬಿಸಿ ಇಳಿಯುತ್ತದೆ. ಕರಗಿದ ಅನಿಲವೂ ಮುಖ್ಯ. ಆರ್ಗಾನ್ ಇದ್ದರೆ ಫಲ ಹೆಚ್ಚು, ಇಂಗಾಲದ ಡೈಆಕ್ಸೈಡ್ ಇದ್ದರೆ ಬಹಳ ಕಡಿಮೆ. ತಣ್ಣನೆಯ ಬಟ್ಟಿಯಿಳಿಸಿದ ನೀರಿನಲ್ಲಿ ಸಿಕ್ಕ ಸಂಖ್ಯೆಯನ್ನು ಮೇ ತಿಂಗಳ ಚೆನ್ನೈಯ ತೊಟ್ಟಿ ನೀರಿಗೆ ಹಾಗೇ ಅನ್ವಯಿಸಲು ಬರುವುದಿಲ್ಲ.

*

ಈಗ ನದಿಯ ವಿಷಯಕ್ಕೆ ಬರೋಣ. ಚೆನ್ನೈಯ ಕ್ರೋಂಪೇಟೆಗೆ ಆ ಹೆಸರು ಬಂದದ್ದು ಅಲ್ಲಿದ್ದ ಕ್ರೋಮ್ ಲೆದರ್ ಕಂಪನಿಯಿಂದ. ಕ್ರೋಮಿಯಂ ಲವಣದಿಂದ ಚರ್ಮ ಹದ ಮಾಡುವ ವಿದ್ಯೆಯನ್ನು ಕಳೆದ ಶತಮಾನದ ಮೊದಲ ವರ್ಷಗಳಲ್ಲಿ ಮದ್ರಾಸಿನಲ್ಲಿ ನೆಲೆಗೊಳಿಸಿದವರಲ್ಲಿ ಆಲ್ಫ್ರೆಡ್ ಚಾಟರ್ಟನ್ ಮುಖ್ಯರು. ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕರಾಗಿ ಶ್ರೀಗಂಧದೆಣ್ಣೆಯ ಉದ್ಯಮಕ್ಕೆ ಅಡಿಪಾಯ ಹಾಕಿದವರೂ ಅವರೇ. ತೊಗಟೆಯಿಂದ ವಾರಗಟ್ಟಲೆ ಹಿಡಿಯುತ್ತಿದ್ದ ಹದ ಕ್ರೋಮಿಯಂನಿಂದ ಒಂದೆರಡು ದಿನಕ್ಕೆ ಇಳಿಯಿತು. ಆದರೆ ಹಾಕಿದ ಕ್ರೋಮಿಯಂನಲ್ಲಿ ಸುಮಾರು ಮೂರನೇ ಒಂದು ಪಾಲು ಚರ್ಮಕ್ಕೆ ಹತ್ತದೆ ನೀರಿನಲ್ಲೇ ಉಳಿಯುತ್ತದೆ. ಆಂಬೂರು, ವಾಣಿಯಂಬಾಡಿ, ರಾಣಿಪೇಟೆಗಳ ಟ್ಯಾನರಿಗಳ ನೀರು ಪಾಲಾರ್ ನದಿಗೆ ಸೇರಿತು. ನಮ್ಮ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ಕೋಲಾರದ ಕಡೆಯಿಂದ ಹರಿದುಹೋಗುವ ಅದೇ ಪಾಲಾರ್. ವೆಲ್ಲೂರಿನ ನಾಗರಿಕರ ವೇದಿಕೆ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಕೊಟ್ಟ ತೀರ್ಪು, ಕೆಡಿಸಿದವನೇ ತೆರಬೇಕು ಎಂಬ ತತ್ವವನ್ನು ಈ ದೇಶದ ಕಾನೂನಿನ ಭಾಗವೆಂದು ಸಾರಿತು.

1948ರಲ್ಲಿ ಅಡ್ಯಾರಿನಲ್ಲಿ ಶುರುವಾದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯಲ್ಲಿ ವಿ. ಶಿವಕುಮಾರ್ ಮತ್ತು ಪಿ. ಜಿ. ರಾವ್ 2000ದ ದಶಕದ ಆರಂಭದಲ್ಲಿ ಚರ್ಮದ ಕೆಲಸಕ್ಕೆ ಶ್ರವಣಾತೀತ ಧ್ವನಿಯನ್ನು ಪ್ರಯತ್ನಿಸಿದರು. 33 ಕಿಲೋಹರ್ಟ್ಜ್‌ನ ಧ್ವನಿಯಲ್ಲಿ ಬಣ್ಣ ಹಾಕಿದಾಗ ಬಣ್ಣ ಚರ್ಮದೊಳಗೆ ಬೇಗ ಇಳಿಯಿತು, ನೀರಿನಲ್ಲಿ ಉಳಿಯುವ ಬಣ್ಣ ಕಡಿಮೆಯಾಯಿತು.

ಇಲ್ಲಿ ನೆರವಿಗೆ ಬಂದದ್ದು ಗುಳ್ಳೆಯ ಪೆಟ್ಟು. ಚರ್ಮದ ಮೇಲೆ ಅಂಟಿ ನಿಂತ ನೀರಿನ ಪದರವನ್ನು ಕಲಕಿ ಬಣ್ಣವನ್ನು ಒಳಗೆ ನೂಕುವ ಕೆಲಸ ಅದರದು. ಅದೇ ಹೊತ್ತಿಗೆ ರಸಾಯನವೂ ಜೋರಾಗಿದ್ದರೆ ಹೈಡ್ರಾಕ್ಸಿಲ್ ಬಣ್ಣದ ಅಣುವನ್ನೇ ಕೆಡಿಸುತ್ತಿತ್ತು. ಕೆಳಗಿನ ಶ್ರುತಿಯಲ್ಲಿ, 20ರಿಂದ 40 ಕಿಲೋಹರ್ಟ್ಜ್ ಆಸುಪಾಸಿನಲ್ಲಿ, ಗುಳ್ಳೆಗಳು ದೊಡ್ಡವು, ಪೆಟ್ಟು ಜೋರು, ಹಳದಿ ಕಡಿಮೆ. 200ರಿಂದ 500 ಕಿಲೋಹರ್ಟ್ಜ್ ಸುಮಾರಿಗೆ ಗುಳ್ಳೆಗಳು ಸಣ್ಣವು, ಕುಸಿತಗಳ ಸಂಖ್ಯೆ ಹೆಚ್ಚು, ಹಳದಿ ಹೆಚ್ಚು. ಯಾವ ಯಂತ್ರ ಎರಡರಲ್ಲಿ ಯಾವುದನ್ನು ಮಾಡುತ್ತಿದೆ ಎಂದು ತಿಳಿಯಲು ಅಯೋಡೈಡಿನ ಬಾಟಲಿಯೇ ಗತಿ.

ಹಾಗಾದರೆ ಮೇಲಿನ ಶ್ರುತಿ ಹಾಕಿ ಟ್ಯಾನರಿಯ ಕೊಳಕು ನೀರನ್ನೇ ಶುದ್ಧ ಮಾಡಬಾರದೆ? ಹೈಡ್ರಾಕ್ಸಿಲ್ ಎಂಥ ಬಣ್ಣವನ್ನೂ ಒಡೆಯುತ್ತದೆ ಎಂದು ಪ್ರಯೋಗಾಲಯಗಳು ತೋರಿಸಿವೆ. ಹಳದಿಯ ಅಳತೆ ಇಲ್ಲಿ ಕಹಿ ಸತ್ಯವೊಂದನ್ನು ಹೇಳುತ್ತದೆ. ಒಳ್ಳೆಯ ಯಂತ್ರದಲ್ಲೂ, ನೀರಿಗೆ ಹೋದ ಒಂದು ಜೂಲ್ ಶಕ್ತಿಗೆ ಸಿಗುವ ರ‍್ಯಾಡಿಕಲ್ ಉದಾರವಾಗಿ ಹೇಳಿದರೂ ಮೋಲ್ ಒಂದರ ನೂರು ಕೋಟಿಯಲ್ಲಿ ಒಂದು ಪಾಲು. ಕರೆಂಟಿನ ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್. ಗುಣಿಸಿದರೆ ಒಂದು ಯೂನಿಟ್ಟಿಗೆ ಸುಮಾರು 60 ಮಿಲಿಗ್ರಾಂ ಹೈಡ್ರಾಕ್ಸಿಲ್ ಬರುತ್ತದೆ. ಅದು ಸುಮಾರು 30 ಮಿಲಿಗ್ರಾಂ ಆಮ್ಲಜನಕ ಮಾಡುವ ಕೆಲಸಕ್ಕೆ ಸಮ. ಟ್ಯಾನರಿಯ ಹಸಿ ನೀರಿಗೆ ಲೀಟರಿಗೆ ಸಾವಿರಾರು ಮಿಲಿಗ್ರಾಂ ಆಮ್ಲಜನಕದ ಬೇಡಿಕೆ ಇರುತ್ತದೆ. ಕರಗಿದ ಆಮ್ಲಜನಕವೂ ಕೈಜೋಡಿಸಿದರೆ ಲೆಕ್ಕ ಒಂದಿಷ್ಟು ಹಗುರಾದೀತು. ಆದರೂ ಒಂದು ಲೀಟರಿಗೆ ಹತ್ತಾರು ಯೂನಿಟ್ ಕೇಳುವ ವಿದ್ಯೆಯನ್ನು ಯಾವ ಊರೂ ಹೊರಲಾರದು. ಧ್ವನಿಯಿಂದ ನೀರು ಶುದ್ಧವಾಗುತ್ತದೆ ಎಂಬುದು ಸುಳ್ಳಲ್ಲ. ಆದರೆ ಪಾಲಾರ್ ದಡದವರಿಗೆ ಬೇಕಾದದ್ದು ಆ ವಾಕ್ಯದ ಜೊತೆಗೆ ಈ ಗುಣಾಕಾರವೂ. ಬೇರೆ ವಿಧಾನಗಳ ಕೊನೆಗೆ ಉಳಿಯುವ ಮೊಂಡು ಅಣುಗಳಿಗೆ, ಸಣ್ಣ ಪ್ರಮಾಣದ ನೀರಿಗೆ ಇದು ಒದಗಬಹುದು. ಬಣ್ಣವೇ ನೀರಿನಲ್ಲಿ ಉಳಿಯದಂತೆ ನೋಡಿಕೊಳ್ಳುವ ಅಡ್ಯಾರಿನ ದಾರಿ ಹೆಚ್ಚು ಜಾಣತನದ್ದು.

*

ಇದೇ ಗುಳ್ಳೆ ಚೆನ್ನೈಯ ವಿದ್ಯಾರ್ಥಿಗಳನ್ನು ದೂರದೂರಕ್ಕೆ ಕರೆದೊಯ್ದಿದೆ. ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡಿದ ಮುತ್ತುಪಾಂಡಿಯನ್ ಅಶೋಕ್‌ಕುಮಾರ್ ಮೆಲ್ಬರ್ನ್‌ನಲ್ಲಿ ಫ್ರಾಂಜ್ ಗ್ರೀಸರ್ ಜೊತೆ ಸೇರಿ, ನೀರಿಗೆ ಚೂರೇ ಚೂರು ಆಲ್ಕೋಹಾಲ್ ಬೆರೆಸಿದರೂ ಗುಳ್ಳೆಯ ಬೆಳಕು ಮಂಕಾಗುತ್ತದೆ ಎಂದು 1997ರಲ್ಲಿ ವಿವರವಾಗಿ ತೋರಿಸಿದರು. ಆಲ್ಕೋಹಾಲ್ ಅಣುವಿನ ಬಾಲ ಉದ್ದವಾದಷ್ಟೂ ಮಂಕು ಹೆಚ್ಚು, ಏಕೆಂದರೆ ಅಂಥ ಅಣು ಗುಳ್ಳೆಯ ಅಂಚಿನಲ್ಲಿ ಕೂರಲು ಬಯಸುತ್ತದೆ. ಬೆಂಗಳೂರಿನಲ್ಲಿ ವಿಜಯ್ ಅರಕೇರಿ, ಕ್ಯಾಲ್‌ಟೆಕ್‌ನಲ್ಲಿ ಕ್ಯಾವಿಟೇಶನ್ ಕುರಿತೇ ಪಿಎಚ್‌ಡಿ ಮಾಡಿ ಬಂದವರು, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗಿರಿ ಎಂಬ ಸಂಗಡಿಗರೊಂದಿಗೆ ಆ ಬೆಳಕಿನ ಮಿಂಚು ಎಷ್ಟು ಹೊತ್ತು ಇರುತ್ತದೆ ಎಂದು ಅಳೆದು 1998ರಲ್ಲಿ ಪ್ರಕಟಿಸಿದರು.

ಐಐಟಿ ಮದ್ರಾಸಿನಲ್ಲಿ 1977ರಲ್ಲಿ ಪದವಿ ಪಡೆದ ರೂಸಿ ತಲೆಯಾರ್ಖಾನ್ ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯ ಸೇರಿದ್ದರು. 2002ರ ಮಾರ್ಚಿನಲ್ಲಿ ಅವರ ತಂಡ 'ಸೈನ್ಸ್' ಪತ್ರಿಕೆಯಲ್ಲಿ ಅಚ್ಚರಿಯ ವರದಿ ಪ್ರಕಟಿಸಿತು. ಮಾಮೂಲಿ ಹೈಡ್ರೋಜನ್ ಬದಲು ಭಾರದ ಹೈಡ್ರೋಜನ್ ಇರುವ ಅಸಿಟೋನಿನಲ್ಲಿ ಗುಳ್ಳೆಗಳನ್ನು ಕುಸಿಸಿದಾಗ ನ್ಯೂಟ್ರಾನ್‌ಗಳೂ ಟ್ರಿಟಿಯಂ ಕೂಡ ಕಂಡವು, ಅಂದರೆ ಮೇಜಿನ ಮೇಲಿನ ಗಾಜಿನ ಪಾತ್ರೆಯಲ್ಲಿ ಪರಮಾಣು ಸಮ್ಮಿಳನ ನಡೆದಿದೆ ಎಂಬುದು ವಾದ. ಸಾವಿರಗಳ ಲೆಕ್ಕದಲ್ಲಿದ್ದ ಗುಳ್ಳೆಯ ಬಿಸಿ ಕೋಟಿಗೆ ಏರಬೇಕಿತ್ತು. ಓಕ್ ರಿಜ್‌ನವರೇ ಆದ ಶಪೀರಾ ಮತ್ತು ಸಾಲ್ಟ್‌ಮಾರ್ಶ್ ಅದೇ ಉಪಕರಣದ ಪಕ್ಕ ಹೆಚ್ಚು ಸೂಕ್ಷ್ಮವಾದ ಶೋಧಕವಿಟ್ಟು ನೋಡಿದರು. ಸಮ್ಮಿಳನದ ನ್ಯೂಟ್ರಾನುಗಳ ಪುರಾವೆ ಅವರಿಗೆ ಸಿಗಲಿಲ್ಲ. ಅದರ ಮರುವರ್ಷ ಅರಕೇರಿಯವರೂ ಬೆಂಗಳೂರಿನ 'ಕರೆಂಟ್ ಸೈನ್ಸ್'ನಲ್ಲಿ ಈ ಗುಳ್ಳೆ ಸಮ್ಮಿಳನದ ಕುರಿತು ಬರೆದರು.

ತಲೆಯಾರ್ಖಾನ್ ಮುಂದೆ ಪರ್ಡ್ಯೂ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿನ ತನಿಖಾ ಸಮಿತಿ 2008ರಲ್ಲಿ ಎರಡು ವಿಷಯಗಳಲ್ಲಿ ಸಂಶೋಧನಾ ದುರ್ನಡತೆ ನಡೆದಿದೆ ಎಂದು ತೀರ್ಮಾನಿಸಿತು: ಕೆಲಸದಲ್ಲಿ ಗಣನೀಯ ಪಾತ್ರವಿಲ್ಲದವರೊಬ್ಬರ ಹೆಸರನ್ನು ಲೇಖಕರಾಗಿ ಸೇರಿಸಿದ್ದು, ಮತ್ತು ಫಲಿತಾಂಶ ಸ್ವತಂತ್ರವಾಗಿ ದೃಢಪಟ್ಟಿದೆ ಎಂದು ಬರೆದದ್ದು. ಅಂಕಿಅಂಶ ಸೃಷ್ಟಿಸಿದರೆಂದು ಸಮಿತಿ ಹೇಳಲಿಲ್ಲ. ಅವರು ಆರೋಪಗಳನ್ನು ಒಪ್ಪಲೂ ಇಲ್ಲ. ಅವರ ನಂಟಿಲ್ಲದ ಯಾವ ಪ್ರಯೋಗಾಲಯದಲ್ಲೂ ಆ ನ್ಯೂಟ್ರಾನುಗಳು ಮನ್ನಣೆ ಪಡೆಯುವಂತೆ ಮತ್ತೆ ಕಾಣಿಸಿಕೊಳ್ಳಲಿಲ್ಲ.

ಅದೇ 2002ರ ಜುಲೈನಲ್ಲಿ 'ನೇಚರ್' ಪತ್ರಿಕೆಯಲ್ಲಿ ಇನ್ನೊಂದು ಅಳತೆ ಬಂತು. ಅದಕ್ಕೆ ಅಷ್ಟು ಗದ್ದಲವಾಗಲಿಲ್ಲ. ಡಿಡೆಂಕೋ ಮತ್ತು ಸಸ್ಲಿಕ್ ಒಂದೇ ಒಂದು ಗುಳ್ಳೆಯನ್ನು ನೀರಿನ ನಡುವೆ ಧ್ವನಿಯಿಂದ ತೇಲಿಸಿ ನಿಲ್ಲಿಸಿ, ಅದು ಪ್ರತಿ ಕುಸಿತಕ್ಕೆ ಎಷ್ಟು ರ‍್ಯಾಡಿಕಲ್, ಎಷ್ಟು ಅಯಾನು, ಎಷ್ಟು ಬೆಳಕಿನ ಕಣ ಹೊರಬಿಡುತ್ತದೆ ಎಂದು ಎಣಿಸಿದರು. ಒಂದು ಗುಳ್ಳೆ, ಒಂದು ಕುಸಿತ: ಲಕ್ಷಗಟ್ಟಲೆ ಹೈಡ್ರಾಕ್ಸಿಲ್. ಅವರ ಎಣಿಕೆಯಿಂದ ಹೊರಟ ಮಾತು ಸಮ್ಮಿಳನದ ಕನಸಿಗೂ ತಾಗಿತು. ಗುಳ್ಳೆಯ ಶಕ್ತಿಯಲ್ಲಿ ದೊಡ್ಡ ಪಾಲು ಅಣುಗಳನ್ನು ಒಡೆಯುವುದಕ್ಕೇ ಖರ್ಚಾಗುತ್ತದೆ, ಆದ್ದರಿಂದ ಒಳಗಿನ ಬಿಸಿಗೆ ರಸಾಯನವೇ ಕಡಿವಾಣ. ಅಣುಗಳಿಂದಲೇ ಮಾಡಿದ ದ್ರವದಲ್ಲಿ ಕೋಟಿ ಡಿಗ್ರಿ ಮುಟ್ಟುವುದು ಅಷ್ಟರಮಟ್ಟಿಗೆ ಕಷ್ಟ.

ಎರಡೂ ಅಳತೆಗಳ ಬುಡದಲ್ಲಿ ಒಂದೇ ಪ್ರಶ್ನೆಯಿತ್ತು: ಗುಳ್ಳೆ ಇಲ್ಲದಿದ್ದರೂ ಇದು ಕಾಣುತ್ತಿತ್ತೇ? ನ್ಯೂಟ್ರಾನುಗಳನ್ನು ಎಣಿಸುವಾಗ ಸುತ್ತಲೂ ಬೇರೆ ಮೂಲದ ನ್ಯೂಟ್ರಾನುಗಳು ಹಾರಾಡುತ್ತಿರುತ್ತವೆ. ಓಕ್ ರಿಜ್ ಪ್ರಯೋಗದಲ್ಲಂತೂ ಗುಳ್ಳೆ ಹುಟ್ಟಿಸಲೇ ಹೊರಗಿನ ನ್ಯೂಟ್ರಾನುಗಳನ್ನು ಬಳಸಿದ್ದರು. ಅಯೋಡೈಡಿಗೂ ಇದೇ ಕಷ್ಟವಿದೆ. ಬಾಟಲಿಯನ್ನು ಬಿಸಿಲಿಗಿಟ್ಟರೆ ಧ್ವನಿಯ ಹಂಗಿಲ್ಲದೆ ತಾನಾಗಿ ಹಳದಿಯಾಗುತ್ತದೆ, ಗಾಳಿ ಮತ್ತು ಬೆಳಕು ಸಾಕು. ಹಾಗಾಗಿ ಈ ಕೆಲಸ ಮಾಡುವವರು ಅದೇ ದ್ರಾವಣದ ಇನ್ನೊಂದು ಬಾಟಲಿಯನ್ನು ಯಂತ್ರದ ಪಕ್ಕ, ಕತ್ತಲಲ್ಲಿ, ಅದೇ ಉಷ್ಣತೆಯಲ್ಲಿ, ಧ್ವನಿ ತಾಗದಂತೆ ಇಟ್ಟಿರುತ್ತಾರೆ. ಕೊನೆಗೆ ಅದರ ಹಳದಿಯನ್ನು ಇದರ ಹಳದಿಯಿಂದ ಕಳೆಯುತ್ತಾರೆ. ಪುಸ್ತಕದಲ್ಲಿ ಬರೆಯುವ ಸಂಖ್ಯೆ ಆಮೇಲೆ ಉಳಿದದ್ದು.